ಇವತ್ತೇನು ಸಾರು?

ಸಬ್‌ಸ್ಟೇಷನ್ ಆಪರೇಟರ್ ಕೆಲಸಕ್ಕೆ ಹೊಸದಾಗಿ ಆಯ್ಕೆಯಾದ ಹುಡುಗರು ಆಗೀಗ ನಮ್ಮ ಮನೆಗೆ ಬರುತ್ತಾರೆ. ಕೊರಟಗೆರೆಯಿಂದ ಮಧುಗಿರಿಗೆ ಹೋಗುವ ರಸ್ತೆಯಲ್ಲೇ ನಮ್ಮೂರು. ‘ಆ ಯಜಮಾನರನ್ನು ಒಂದು ಸಲ ಕಂಡು ಬಾ’ ಎಂದು ಯಾರೋ ಹೇಳಿ ಕಳಿಸಿರುತ್ತಾರೆ. ಬಂದವರು ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ಕೇಳುವ ಪ್ರಶ್ನೆ ಒಂದೇ: ‘ಸಾರ್, ಅಲ್ಲಿ ನೆಟ್‌ವರ್ಕ್ ಚೆನ್ನಾಗಿ ಸಿಗುತ್ತಾ?’ ಸಿಗುತ್ತದಪ್ಪಾ, ಬೇಕಾದಷ್ಟು ಸಿಗುತ್ತದೆ. ಬ್ರೇಕರ್ ಎಂದರೇನು, ಅರ್ತಿಂಗ್ ಯಾಕೆ ಹಾಕಬೇಕು, ಗಾಳಿಮಳೆ ಬಂದಾಗ ಯಾವ ಲೈನ್ ಮೊದಲು ಕೈ ಕೊಡುತ್ತದೆ ಎಂದು ಕೇಳಿದವನನ್ನು ನಾನಿನ್ನೂ ಕಂಡಿಲ್ಲ. ಒಬ್ಬೊಬ್ಬರಿಗೂ ಹೇಳಿ ಗಂಟಲು ಒಣಗಿಸಿಕೊಳ್ಳುವ ಬದಲು ಒಂದೇ ಸಲ ಬರೆದು ಕೈತೊಳೆದುಕೊಳ್ಳೋಣ ಎಂದು ಕೂತಿದ್ದೇನೆ.

ಕೆಲಸ ಇಷ್ಟೇ. ದೊಡ್ಡ ಲೈನಿನಲ್ಲಿ ಬಂದ ಕರೆಂಟನ್ನು ಸಬ್‌ಸ್ಟೇಷನ್ನಿನಲ್ಲಿ ಇಳಿಸಿ ಹಳ್ಳಿಗಳಿಗೆ ಹಂಚುತ್ತೇವೆ. ಹಾಗೆ ಹೊರಡುವ ಒಂದೊಂದು ಲೈನಿಗೂ ಫೀಡರ್ ಎನ್ನುತ್ತೇವೆ. ಲೈನಿನಲ್ಲಿ ಏನಾದರೂ ಕೆಟ್ಟರೆ ಲೈನ್‌ಮ್ಯಾನ್ ಫೋನ್ ಮಾಡಿ ‘ಎಲ್.ಸಿ. ಕೊಡಿ’ ಎಂದು ಕೇಳುತ್ತಾನೆ. ಲೈನ್ ಕ್ಲಿಯರ್ ಎಂಬುದರ ಗಿಡ್ಡ ರೂಪ ಅದು. ಆಪರೇಟರ್ ಆ ಫೀಡರನ್ನು ಆಫ್ ಮಾಡಿ, ತಂತಿಯನ್ನು ನೆಲಕ್ಕೆ ಜೋಡಿಸಿ ಅರ್ತ್ ಹಾಕಿ, ‘ಲೈನಿನ ಮೇಲೆ ಜನರಿದ್ದಾರೆ’ ಎಂಬ ಹಲಗೆಯನ್ನು ಸ್ವಿಚ್ಚಿಗೆ ನೇತುಹಾಕುತ್ತಾನೆ. ಆಮೇಲೆ ಲೈನ್‌ಮ್ಯಾನ್ ಕಂಬ ಹತ್ತುತ್ತಾನೆ. ಕೆಲಸ ಮುಗಿಸಿ ಇಳಿದು, ಎಲ್.ಸಿ. ಪಡೆದವನೇ ಅದನ್ನು ವಾಪಸ್ ಕೊಡಬೇಕು. ಮೇಲಧಿಕಾರಿ ಹೇಳಿದರೂ, ಶಾಸಕರು ಹೇಳಿದರೂ, ಕಂಬ ಹತ್ತಿದವನ ಹೆಂಡತಿಯೇ ಬಂದು ಹೇಳಿದರೂ ಆ ಹಲಗೆ ತೆಗೆಯುವಂತಿಲ್ಲ. ನನ್ನ ಸರ್ವಿಸಿನಲ್ಲಿ ನಾನು ಕಲಿತ ವಿದ್ಯೆಯೆಲ್ಲ ಈ ಒಂದು ಮಾತಿನಲ್ಲಿದೆ. ಉಳಿದ ಕಾಲವೆಲ್ಲ ಮೀಟರ್ ನೋಡುವುದು, ಬರೆಯುವುದು ಮತ್ತು ಬೈಸಿಕೊಳ್ಳುವುದು.

ನನಗೆ ಇದನ್ನು ಕಲಿಸಿದವರು ಶಿರಾದ ಖಾದರ್ ಸಾಹೇಬರು. ನಾನು ಕೆಲಸಕ್ಕೆ ಸೇರಿದಾಗ ಅಲ್ಲಿ ಅವರು ಹಿರಿಯ ಆಪರೇಟರ್. ದಿನಾ ಮಧ್ಯಾಹ್ನ ಎದುರಿನ ಹೋಟೆಲಿನಲ್ಲಿ ಒಬ್ಬ ವ್ಯಕ್ತಿಯ ಜೊತೆ ಕೂತು ಟೀ ಕುಡಿಯುತ್ತಿದ್ದರು. ಆತನಿಗೆ ಬಲಗೈ ಮೊಣಕೈವರೆಗೆ ಮಾತ್ರ ಇತ್ತು. ಹಿಂದೆ ಲೈನ್‌ಮ್ಯಾನ್ ಆಗಿದ್ದವನು. ಅವನು ಕಂಬದ ಮೇಲಿದ್ದಾಗ, ಕೆಳಗಿದ್ದ ಯಾರೋ ಪುಣ್ಯಾತ್ಮ ‘ಇಳೀತಾವ್ರೆ, ಫೋನ್ ಮಾಡೋ ಕೆಲ್ಸ ನಾನೇ ಮಾಡ್ಬುಡ್ತೀನಿ’ ಎಂದು ಪಕ್ಕದ ಅಂಗಡಿಯಿಂದ ಸಬ್‌ಸ್ಟೇಷನ್ನಿಗೆ ಫೋನ್ ಮಾಡಿದ್ದ. ಆಗಿದ್ದ ಆಪರೇಟರ್ ನಂಬಿ ಕರೆಂಟ್ ಬಿಟ್ಟಿದ್ದ. ಸಹಾಯ ಮಾಡಲು ಹೋದವನ ಉಪಕಾರ ಅದು.

‘ಅರೆ ಭಾಯ್, ಆವಾಜ್ ನಂಬ್ಬೇಡ’ ಎಂದರು ಸಾಹೇಬರು ನನಗೆ. ‘ಫೋನಲ್ಲಿ ಎಲ್ಲಾರ್ ಆವಾಜೂ ಒಂದೇ ಥರ. ಎಲ್.ಸಿ. ಕೊಡೋವಾಗ ಇವತ್ತು ಮನೇಲಿ ಏನು ಸಾರು ಅಂತ ಕೇಳ್ಕೋ. ವಾಪಸ್ ತಗೊಳ್ಳೋವಾಗ ತಿರ್ಗಾ ಕೇಳು. ಅದೇ ಸಾರು ಬಂದ್ರೆ ಚಾರ್ಜ್ ಮಾಡು, ಕರೆಂಟ್ ಬಿಡು. ಬರ್ಲಿಲ್ವಾ, ಖುದ್ದು ದೇವ್ರೇ ಬಂದು ಹೇಳಿದ್ರೂ ಸ್ವಿಚ್ ಮೇಲೆ ಕೈ ಇಡ್ಬೇಡ.’

ಗುರುತಿಗೆ ನಂಬರು ಕೊಟ್ಟರೆ ಮನುಷ್ಯ ಮರೆಯುತ್ತಾನೆ, ಬೆಳಿಗ್ಗೆ ಮುದ್ದೆಗೆ ಏನು ಸಾರು ನೆಂಚಿಕೊಂಡೆ ಎಂಬುದನ್ನು ಮರೆಯುವುದಿಲ್ಲ. ಯಾವ ನಿಯಮದ ಪುಸ್ತಕದಲ್ಲೂ ಇಲ್ಲದ ಈ ಪದ್ಧತಿಯನ್ನು ನಾನು ಹೋದಲ್ಲೆಲ್ಲ ಹೊತ್ತುಕೊಂಡು ಹೋದೆ. ಹೋದಲ್ಲೆಲ್ಲ ನಕ್ಕರು.

ಪಾವಗಡದ ಕಡೆ ಹಾಕಿದಾಗಂತೂ ಇದೇ ಒಂದು ಗೋಳಾಯಿತು. ವೈ.ಎನ್.ಹೊಸಕೋಟೆ ಕಡೆಯ ಲೈನ್‌ಮ್ಯಾನ್ ಒಬ್ಬನನ್ನು ಯಾವತ್ತು ಕೇಳಿದರೂ ಉತ್ತರ ಒಂದೇ. ‘ಪಪ್ಪು ಸಾರ್.’ ನಿನ್ನೆ? ‘ನಿನ್ನೇನೂ ಪಪ್ಪೇ ಸಾರ್. ರೇಪು ಕೂಡಾ ಪಪ್ಪೇ.’ ನಿನ್ನೆ, ಇವತ್ತು, ನಾಳೆ, ಬರೀ ಬೇಳೆಸಾರು! ಇಡೀ ಹೋಬಳಿಗೆ ಗೊತ್ತಿರುವ ಗುಟ್ಟನ್ನು ಇಟ್ಟುಕೊಂಡು ನಾನೇನು ಮಾಡಲಿ? ‘ಸುಳ್ಳಾದರೂ ಹೇಳಯ್ಯ, ಬೇರೆ ಏನಾದರೂ ಹೇಳು’ ಎಂದು ರೇಗಿದೆ. ಅಂದಿನಿಂದ ಅವನ ಮನೆಯಲ್ಲಿ ನಾಟಿಕೋಳಿ, ತಲೆಕಾಲು, ಮೀನು ಎಲ್ಲವೂ ಬೇಯತೊಡಗಿದವು. ಒಂದು ಶನಿವಾರ ಕೋಳಿಸಾರು ಎಂದು ಜೋರಾಗಿ ಹೇಳಿದ್ದನ್ನು ಕೇಳಿಸಿಕೊಂಡ ಅವನ ಮಾವ, ಶನಿವಾರ ಒಪ್ಪತ್ತು ಮಾಡುವ ಮನೆಯಲ್ಲಿ ಇದೆಂಥ ಅನಾಚಾರ ಎಂದು ಸಬ್‌ಸ್ಟೇಷನ್ನಿಗೇ ಬಂದು ನನ್ನನ್ನು ಉಗಿದು ಹೋದ.

ಆ ಕಾಲದಲ್ಲಿ ಲೈನ್ ಕೆಟ್ಟರೆ ಹುಡುಕುವುದೇ ಒಂದು ದೊಡ್ಡ ಶಿಕ್ಷೆ. ಪಿಂಗಾಣಿಯ ಇನ್ಸುಲೇಟರಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದರೂ ಫೀಡರ್ ಬಂದ್ ಆಗಿಬಿಡುತ್ತಿತ್ತು. ಲೈನ್‌ಮ್ಯಾನ್‌ಗಳು ಕಂಬ ಕಂಬ ನೋಡುತ್ತ, ಜಾಲಿಮುಳ್ಳು ತುಳಿಯುತ್ತ, ಹೊಲ ಗುಡ್ಡ ಹಳ್ಳ ಎನ್ನದೆ ನಡೆಯಬೇಕಿತ್ತು. ಅಷ್ಟು ಹೊತ್ತೂ ಸಬ್‌ಸ್ಟೇಷನ್ ಫೋನು ಬಾಯಿ ಬಡಿದುಕೊಳ್ಳುತ್ತಿತ್ತು.

ನನ್ನ ಕೊನೆಯ ಪೋಸ್ಟಿಂಗ್ ಇದೇ ಕೊರಟಗೆರೆ ತಾಲೂಕಿನದು. ನಮ್ಮ ಸೆಕ್ಷನ್ನಿಗೆ ಶಿಲ್ಪಾ ಮೇಡಂ ಎಂಬ ಎಂಜಿನಿಯರ್ ಬಂದರು. ಚುರುಕು, ಮಾತಿಗೆ ಮುಂಚೆ ನಗು. ಬಂದವರೇ ‘ನಮ್ಮ ಫೀಡರ್’ ಎಂಬ ವಾಟ್ಸ್ಆ್ಯಪ್ ಗ್ರೂಪ್ ಮಾಡಿದರು. ಲೈನ್‌ಮ್ಯಾನ್‌ಗಳು, ಆಪರೇಟರ್‌ಗಳು, ಜೊತೆಗೆ ಫೀಡರಿನ ಎಲ್ಲ ಹಳ್ಳಿಗಳ ಜನ. ಊರೂರಿನ ನಂಬರುಗಳನ್ನು ಸೇರಿಸಿಕೊಟ್ಟವನು ಹನುಮಂತರಾಯಪ್ಪ, ನಮ್ಮ ಪಕ್ಕದೂರಿನ ಹಾಲಿನ ಡೈರಿಯ ಸೆಕ್ರೆಟರಿ. ಹಾಲು ಹಾಕುವವರೆಲ್ಲ ಅವನಿಗೆ ಗೊತ್ತು, ಅವನಿಗೆ ಗೊತ್ತಿಲ್ಲದವರು ಯಾರೂ ಇಲ್ಲ. ಮೇಡಂ ಅವನನ್ನೂ ಅಡ್ಮಿನ್ ಮಾಡಿದರು.

‘ಇನ್ನು ಮುಂದೆ ಲೈನ್ ನೋಡಿಕೊಳ್ಳೋದು ನಾವಷ್ಟೇ ಅಲ್ಲ, ಎಲ್ಲರೂ’ ಎಂದರು ಮೇಡಂ. ಎಲ್ಲರೂ ನೋಡಿಕೊಳ್ಳುವುದೆಂದರೆ ಏನೆಂದು ನನಗೆ ಆಮೇಲೆ ಗೊತ್ತಾಯಿತು.

ಅನುಕೂಲ ಆಗಲಿಲ್ಲವೆಂದು ಹೇಳಿದರೆ ನನ್ನ ಬಾಯಿಗೆ ಹುಳ ಬೀಳುತ್ತದೆ. ಕುರಿ ಮೇಯಿಸುವವನು ಮುರಿದ ಇನ್ಸುಲೇಟರಿನ ಫೋಟೋ ಹಾಕಿದ. ಹೂವಿನ ತೋಟದ ಹೆಂಗಸು, ತಂತಿಯ ಮೇಲೆ ಒರಗಿದ ತೆಂಗಿನ ಗರಿಯ ಫೋಟೋ ಹಾಕಿದಳು. ಕಾಲೇಜು ಹುಡುಗರು ಸೇರಿ, ಯಾವ ಕಂಬ ಯಾರ ಹೊಲದಲ್ಲಿದೆ ಎಂದು ಮೊಬೈಲ್ ಮ್ಯಾಪಿನಲ್ಲಿ ಒಂದೊಂದೇ ಗುರುತು ಹಾಕಿ, ಇಡೀ ಫೀಡರಿನ ನಕ್ಷೆಯನ್ನೇ ಮಾಡಿಬಿಟ್ಟರು. ನಮ್ಮ ಆಫೀಸಿನಲ್ಲಿ ಅಂಥ ನಕ್ಷೆ ಇರಲಿಲ್ಲ. ಇಡೀ ದಿನ ಹುಡುಕುತ್ತಿದ್ದ ತೊಂದರೆ, ಒಂದು ಟೀ ಕುಡಿಯುವುದರೊಳಗೆ ಸಿಗತೊಡಗಿತು.

ಆದರೆ ಜನ ಅಷ್ಟಕ್ಕೇ ನಿಲ್ಲುತ್ತಾರೆಯೇ? ಬೆಳಗಾದರೆ ಗುಲಾಬಿ ಹೂವಿನ ಶುಭೋದಯ. ಮೋಟಾರು ಕಾಯಿಲ್ ಕಟ್ಟುವವನ ಜಾಹೀರಾತು. ಸೇವಂತಿಗೆ ಬೆಳೆದವರು ತುಮಕೂರು ಮಾರುಕಟ್ಟೆಗೆ ಒಂದೇ ಟೆಂಪೋ ಮಾಡಿಕೊಂಡು ಹೋಗುವ ಮಾತುಕತೆ ಅದರಲ್ಲೇ. ದಲ್ಲಾಳಿಗಳು ತಮ್ಮ ಆಟ ನಡೆಯದೆ ಒದ್ದಾಡಿದ್ದೂ ಅದರಿಂದಲೇ, ಅದಿರಲಿ, ಸಂತೋಷವೇ. ಆಮೇಲೆ ಓಟು ಹಾಕುವುದನ್ನು ಕಲಿತರು. ಪಂಪ್‌ಸೆಟ್ಟಿನ ತ್ರೀ ಫೇಸ್ ಕರೆಂಟ್ ಬೆಳಿಗ್ಗೆ ಬೇಕೋ ಮಧ್ಯಾಹ್ನ ಬೇಕೋ ಎಂದು ಓಟು. ಆಪರೇಟರ್ ಫೋನ್ ಎತ್ತುತ್ತಾನೋ ಇಲ್ಲವೋ ಎಂದು ಓಟು. ನಾನು ಮಲಗಿದ್ದೇನೋ ಎದ್ದಿದ್ದೇನೋ ಎಂಬುದೂ ಬಹುಮತದಿಂದ ತೀರ್ಮಾನವಾಗತೊಡಗಿತು. ಫೀಡರ್ ಒಂದು ನಿಮಿಷ ನಿಂತರೆ ನನ್ನ ಜೇಬು ಜೇನುಗೂಡಿನ ಹಾಗೆ ಗುಂಯ್‌ಗುಡುತ್ತಿತ್ತು. ಎಷ್ಟೋ ಸಲ ಆ ಫೋನನ್ನು ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿ ಅದ್ದಿಬಿಡೋಣ ಅನ್ನಿಸಿದೆ.

ಈಗ ಆ ದಿನದ ಕಥೆ. ಬೇಸಿಗೆ. ಹಿಂದಿನ ಸಂಜೆ ಬಿರುಗಾಳಿ ಬೀಸಿ ಲೈನ್ ಹಲವು ಕಡೆ ಹಾಳಾಗಿತ್ತು. ಬೆಳಿಗ್ಗೆ ಲೈನ್‌ಮ್ಯಾನ್ ತಿಮ್ಮರಾಜು ಫೋನ್ ಮಾಡಿ ಎಲ್.ಸಿ. ಕೇಳಿದ. ಆ ಹುಡುಗ ಕೆಲಸಕ್ಕೆ ಸೇರಿದ ದಿನದಿಂದ ಅವನನ್ನು ನೋಡಿದವನು ನಾನು. ನನ್ನನ್ನು ಅಣ್ಣಾ ಎನ್ನುತ್ತಿದ್ದ.

‘ಇವತ್ತೇನು ಸಾರು?’

‘ಹುಣಸೆ ಚಿಗುರಿನ ಸಾರು ಕಣಣ್ಣ. ನಮ್ಮನೆಯೋಳು ಬೆಳಿಗ್ಗೇನೇ ಕಿತ್ಕೊಂಡ್ಬಂದಿದ್ಲು.’

ಫೀಡರ್ ಆಫ್ ಮಾಡಿ ಹಲಗೆ ನೇತುಹಾಕಿದೆ. ಬಿಸಿಲೇರಿತು. ಹನ್ನೊಂದರ ಹೊತ್ತಿಗೆ ಗ್ರೂಪ್ ಶುರುವಾಯಿತು. ಡೈರಿಯ ಜನರೇಟರ್ ಕೈ ಕೊಟ್ಟಿದೆ, ಬೆಳಗಿನ ಹಾಲು ತಣ್ಣಗಾಗದೆ ಕೂತಿದೆ ಎಂದು ಹನುಮಂತರಾಯಪ್ಪ ಬರೆದ. ನಿಜವಾದ ಕಷ್ಟವೇ, ನಾನು ಇಲ್ಲವೆನ್ನುವುದಿಲ್ಲ. ಸ್ವಲ್ಪ ಹೊತ್ತಿಗೆ ಯಾರೋ ಒಂದು ಫೋಟೋ ಹಾಕಿದರು. ತಿಮ್ಮರಾಜು ಹೊಂಗೆ ಮರದ ನೆರಳಲ್ಲಿ ಕೂತು ನೀರು ಕುಡಿಯುತ್ತಿದ್ದಾನೆ. ಅದರ ಕೆಳಗೆ ‘ಕೆಲಸ ಮುಗೀತು’ ಎಂದಿತ್ತು. ಒಂದು ಕಂಬದ ಕೆಲಸ ಮುಗಿಸಿ ಇಳಿದಿದ್ದನಷ್ಟೆ, ಮುಂದಿನ ಕಂಬ ಬಾಕಿ ಇತ್ತು ಎಂಬುದು ಆಮೇಲೆ ಗೊತ್ತಾಯಿತು. ಆದರೆ ಫೋಟೋದಲ್ಲಿ ಮುಂದಿನ ಕಂಬ ಕಾಣುತ್ತದೆಯೇ? ಊರೂರಿನಿಂದ ಹೆಬ್ಬೆರಳುಗಳು ಏಳತೊಡಗಿದವು. ‘ಕರೆಂಟ್ ಬಿಡಿ.’ ‘ಆಪರೇಟರ್ ಮಲಗವ್ರೆ.’ ‘ಹಾಲು ಒಡೆದ್ರೆ ಯಾರು ಜವಾಬ್ದಾರಿ?’

ಆಮೇಲೆ ಒಬ್ಬ ಮಹಾನುಭಾವ ಓಟಿಗೆ ಹಾಕಿದ. ‘ಲೈನ್ ಚಾರ್ಜ್ ಮಾಡಬೇಕೇ? ಹೌದು. ಇಲ್ಲ.’ ನೋಡುನೋಡುತ್ತಿದ್ದಂತೆ ‘ಹೌದು’ ಬೆಳೆಯುತ್ತಲೇ ಹೋಯಿತು. ‘ಇಲ್ಲ’ಕ್ಕೆ ಒಂದೂ ಬೀಳಲಿಲ್ಲ. ಮನುಷ್ಯನೊಬ್ಬನ ಮೈಮೇಲೆ ಕರೆಂಟ್ ಬಿಡಬೇಕೇ ಬೇಡವೇ ಎಂದು ಜನ ತಮ್ಮ ಜಗುಲಿಯಲ್ಲಿ ಕೂತು ಬೆರಳೊತ್ತುತ್ತಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು.

ಅಷ್ಟರಲ್ಲಿ ತಿಮ್ಮರಾಜುವಿನ ನಂಬರಿನಿಂದಲೇ ಒಂದು ಮೆಸೇಜು ಗ್ರೂಪಿಗೆ ಬಂತು. ‘ಕೆಲಸ ಆಯ್ತು. ಚಾರ್ಜ್ ಮಾಡಿ.’

ಮೇಡಂ ಫೋನ್ ಮಾಡಿದರು. ‘ತಿಮ್ಮರಾಜುನೇ ಹಾಕಿದಾರಲ್ಲ, ಎಲ್.ಸಿ. ವಾಪಸ್ ಬಂತಾ?’

‘ನನಗೆ ಬಂದಿಲ್ಲ ಮೇಡಂ.’

‘ಹಾಗಾದ್ರೆ ಮುಟ್ಟಬೇಡಿ. ಬರೋವರೆಗೂ ಕಾಯಿರಿ. ನಾನೂ ಅಲ್ಲಿಗೆ ಹೊರಟೆ’ ಎಂದು ಇಟ್ಟರು. ಆ ಹೆಣ್ಣುಮಗಳ ಹೊಟ್ಟೆ ತಣ್ಣಗಿರಲಿ.

ನಾನು ತಿಮ್ಮರಾಜುವಿನ ನಂಬರಿಗೆ ಮಾಡಿದೆ. ಯಾರೋ ಎತ್ತಿದರು. ‘ಆಯ್ತು ಬುಡಿ ಸಾರ್, ಬುಟ್ಬುಡಿ ಕರೆಂಟ್ನ.’

‘ನೀವ್ಯಾರು? ತಿಮ್ಮರಾಜು ಎಲ್ಲಿ?’

‘ನಾನು ಹೊಲದೋನು ಸಾರ್. ಅಣ್ಣ ಇಲ್ಲೇ ಅವ್ರೆ, ಬೈಕೂ ಫೋನೂ ಈ ಕಡೆ ಬುಟ್ಟವ್ರೆ, ಅವ್ರು ಆ ಕಡೆ ಅವ್ರೆ. ಕೈಯೆಲ್ಲ ಮಸಿಯಾಗಿತ್ತು, ಪಾಪ, ಅದ್ಕೇ ನಾನೇ ಟೈಪ್ ಮಾಡ್ದೆ.’

‘ಅವನಿಗೆ ಫೋನ್ ಕೊಡಿ.’

‘ಬೇಲಿಯಾಚೆ ಹೋದ್ರು ಸಾರ್, ಕಾಣ್ತಿಲ್ಲ.’

‘ಹಾಗಾದರೆ ಹೋಗಿ, ಇವತ್ತೇನು ಸಾರು ಅಂತ ಕೇಳಿಕೊಂಡು ಬನ್ನಿ.’

‘ಏನು ಸಾರ್?’

‘ಸಾರು ಕಣಯ್ಯಾ, ಸಾರು! ಅವನ ಮನೆಯಲ್ಲಿ ಇವತ್ತೇನು ಸಾರು ಅಂತ!’

ಅವನು ಫೋನ್ ಇಟ್ಟ. ಸಾರು ಕೇಳಲು ಹೋಗಲಿಲ್ಲ, ಗ್ರೂಪಿಗೆ ಹೋದ. ಊರು ಹಾಲು ಒಡೆಯುತ್ತೆ ಅಂತಿದ್ದರೆ ಆಪರೇಟರ್ ಸಾರು ಕೇಳ್ತಾವ್ನೆ ಎಂದು ಬರೆದ. ಆಮೇಲೆ ನೋಡಬೇಕಿತ್ತು. ‘ಹೊಟ್ಟೆ ಹಸಿದೈತೆ ಕಣ್ಲಾ, ಯಾರಾದ್ರೂ ಊಟ ತಗೊಂಡೋಗಿ.’ ‘ಮುದ್ದೆನೂ ಬೇಕಂತಾ ಕೇಳಿ.’ ಯಾರೋ ನನ್ನ ಹಳೆಯ ಫೋಟೋ ಹುಡುಕಿ, ಕೈಗೆ ಸೌಟು ಅಂಟಿಸಿ ಹಾಕಿದ. ಅದಕ್ಕೂ ನಗುವ ಮುಖಗಳ ಸುರಿಮಳೆ.

ಆಮೇಲೆ ಬೈಕುಗಳು ಬಂದವು. ಗೇಟಿಗೆ ಬೀಗ ಹಾಕಿ ನಾನು ಒಳಗೆ ನಿಂತೆ. ಮುಂದೆ ಹನುಮಂತರಾಯಪ್ಪ, ಕೈಯಲ್ಲಿ ಫೋನು.

‘ಆಪರೇಟ್ರೇ, ನಿಮ್ಗೆ ಏನಾಗೈತೆ? ನೋಡಿ ಇಲ್ಲಿ, ಇಳಿದು ಕೂತವ್ನೆ. ಅವ್ನ ನಂಬರಿಂದ್ಲೇ ಮೆಸೇಜ್ ಬಂದೈತೆ. ಬಡವ್ರು ಎಮ್ಮೆ ಕಟ್ಕೊಂಡು ಬದುಕ್ತಾ ಅವ್ರೆ, ಅವ್ರ ಹಾಲು ಚರಂಡಿಗೆ ಸುರೀಬೇಕಾ?’

‘ಅವನ ಬಾಯಿಂದ ನನಗೆ ಮಾತು ಬಂದಿಲ್ಲ ಹನುಮಂತರಾಯಪ್ಪ.’

‘ಇಡೀ ಫೀಡರ್ ಜನ ಹೌದು ಅಂತಾವ್ರೆ. ನೀವೊಬ್ರು ಇಲ್ಲ ಅಂತೀರಲ್ಲ!’

‘ಇಡೀ ಫೀಡರ್ ಜನ ಕಂಬದ ಮೇಲಿಲ್ಲ ಕಣಯ್ಯಾ. ಇರೋನು ಅವನೊಬ್ಬನೇ.’

ಗೇಟು ಅಲ್ಲಾಡಿಸಿದರು. ನನ್ನ ಅಪ್ಪ ಅಮ್ಮ ಎಲ್ಲರನ್ನೂ ಸ್ಮರಿಸಿದರು. ನನಗೂ ಧೈರ್ಯವೇನೂ ಇರಲಿಲ್ಲ. ಒಂದು ಕ್ಷಣ ನಿಜಕ್ಕೂ ಅನುಮಾನ ಬಂತು, ಇವರು ಹೇಳುವುದೇ ಸರಿಯಿದ್ದು ನಾನೇ ಹಟ ಹಿಡಿದಿದ್ದೇನೋ ಎಂದು. ಒಳಗೆ ಹೋಗಿ ಪ್ಯಾನಲ್ಲಿಗೆ ಬೆನ್ನು ಕೊಟ್ಟು, ಹಲಗೆಯನ್ನು ಹಿಂದಿನಿಂದ ಕೈಯಲ್ಲಿ ಹಿಡಿದು ನಿಂತೆ. ಖಾದರ್ ಸಾಹೇಬರ ಜೊತೆ ಟೀ ಕುಡಿಯುತ್ತಿದ್ದವನ ಆ ಅರ್ಧ ತೋಳು ಕಣ್ಣಮುಂದೆ ಬಂತು.

ಕೊನೆಗೆ ಫೋನ್ ರಿಂಗಾಯಿತು. ಎತ್ತಿ ಸ್ಪೀಕರಿಗೆ ಹಾಕಿ ಗೇಟಿನ ಹತ್ತಿರ ಬಂದೆ. ಏದುಸಿರು ಬಿಡುತ್ತಿದ್ದ ಧ್ವನಿ.

‘ಅಣ್ಣಾ, ತಿಮ್ಮರಾಜು. ಈಗ್ಲೇ ಇಳ್ದೆ. ಆ ಕೊನೆ ಕಂಬ ಬಲೇ ಸತಾಯಿಸ್ಬುಡ್ತು, ಇಷ್ಟೊತ್ತೂ ತಂತಿ ಹಿಡ್ಕೊಂಡೇ ನೇತಾಡ್ತಿದ್ದೆ. ಎಲ್.ಸಿ. ವಾಪಸ್ ತಗೊಳ್ಳಣ್ಣ.’

‘ಇವತ್ತೇನು ಸಾರು?’

‘ಹುಣಸೆ ಚಿಗುರು.’

ಗೇಟಿನಾಚೆ ಹನುಮಂತರಾಯಪ್ಪ ‘ಈಗ ಇಳಿದ್ನಾ? ಈಗ್ಲಾ?’ ಎಂದು ತನಗೆ ತಾನೇ ಎರಡು ಸಲ ಕೇಳಿಕೊಂಡು, ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತುಬಿಟ್ಟ. ನಾನು ಹಲಗೆ ತೆಗೆದು, ಅರ್ತ್ ಬಿಚ್ಚಿ, ಫೀಡರ್ ಚಾರ್ಜ್ ಮಾಡಿದೆ. ಕರೆಂಟ್ ಬಂದಿತೆಂದು ಯಾರೂ ಸಂತೋಷಪಡಲಿಲ್ಲ. ಡೈರಿಯ ಹಾಲು ಅಷ್ಟರಲ್ಲಿ ಒಡೆದಿತ್ತಂತೆ, ಅದರ ಬಗ್ಗೆ ನನಗೆ ಇವತ್ತಿಗೂ ಬೇಜಾರಿದೆ.

ತಿಮ್ಮರಾಜು ಬಂದಾಗ ಮೇಡಂ ಕೂಡ ಬಂದಿದ್ದರು. ಅವನು ಬೆಂಚಿನ ಮೇಲೆ ಕೂತು ಗ್ರೂಪನ್ನು ಮೇಲಿನಿಂದ ಕೆಳಗಿನವರೆಗೆ ಓದಿದ. ಓಟಿನ ಹತ್ತಿರ ಬಂದು ನಿಂತ. ಹೌದು ಎಂದವರ ಹೆಸರುಗಳನ್ನು ಬೆರಳಿನಿಂದ ಸರಿಸುತ್ತ ಹೋದ. ಅವನ ಸ್ವಂತ ಭಾವಮೈದನ ಹೆಸರೂ ಅದರಲ್ಲಿತ್ತು.

‘ಅಣ್ಣಾ, ನನ್ನ ಮೇಲೆ ಕರೆಂಟ್ ಬುಡಿ ಅಂತ ನಾನೇ ಹೇಳಿದೀನಿ ಅಂತೈತೆ ಇಲ್ಲಿ’ ಎಂದ. ನಗಲು ನೋಡಿದ, ಆಗಲಿಲ್ಲ. ಆಮೇಲೆ ಗ್ರೂಪಿಗೆ ಧ್ವನಿಯಲ್ಲೇ ಒಂದು ಮಾತು ಹಾಕಿದ: ‘ನಾನು ತಿಮ್ಮರಾಜು. ನೀವೆಲ್ಲ ಹೌದು ಅಂದಾಗ ನಾನಿನ್ನೂ ಮೇಲಿದ್ದೆ.’

ಸಂಜೆಯವರೆಗೆ ಗ್ರೂಪಿನಲ್ಲಿ ಒಂದು ಅಕ್ಷರವೂ ಬರಲಿಲ್ಲ. ಅದು ಹುಟ್ಟಿದಂದಿನಿಂದ ಅಷ್ಟು ಸುಮ್ಮನಿದ್ದದ್ದನ್ನು ನಾನು ಕಂಡೇ ಇರಲಿಲ್ಲ. ಸಂಜೆಯಾಯಿತೋ ಇಲ್ಲವೋ, ಮುಗಿದ ಕೈಗಳು ಸಾಲುಸಾಲಾಗಿ ಬರತೊಡಗಿದವು. ಕ್ಷಮೆ ಕೇಳುವುದಕ್ಕೂ ಈ ಜನಕ್ಕೆ ಒಂದು ಚಿತ್ರ ಸಾಕು! ಹನುಮಂತರಾಯಪ್ಪ ಮಾತ್ರ ಚಿತ್ರ ಕಳಿಸಲಿಲ್ಲ, ತಿಮ್ಮರಾಜುವಿನ ಮನೆಗೇ ಹೋಗಿ ಬಂದ.

ಮೇಡಂ ಗ್ರೂಪನ್ನೇ ಮುಚ್ಚಿಬಿಡುತ್ತೇನೆ ಎಂದರು. ಬೇಡ ಎಂದವನು ನಾನೇ, ನನ್ನ ಮೇಲೆ ನನಗೇ ಕೋಪ ಬಂತು. ಆದರೆ ಏನು ಮಾಡುವುದು? ನಾಳೆ ಬಿದ್ದ ತಂತಿಯ ಫೋಟೋ ಆ ಕುರಿಯವನು ಹಾಕದಿದ್ದರೆ, ಅದನ್ನು ತುಳಿಯುವವನು ಇನ್ನೊಬ್ಬ ಇರುತ್ತಾನೆ. ತೊಂದರೆ ಎಲ್ಲಿದೆ ಎಂದು ಹುಡುಕಲು ಊರೆಲ್ಲ ಬೇಕು. ಕರೆಂಟ್ ಬಿಡಲು ಮಾತ್ರ ಒಬ್ಬನ ಮಾತೇ ಬೇಕು. ಕೆಲಸಕ್ಕೆ ಸೇರುವ ಹುಡುಗರೇ, ನೆಟ್‌ವರ್ಕ್ ವಿಚಾರ ಬಿಟ್ಟು ಇದೊಂದನ್ನು ತಲೆಯಲ್ಲಿಟ್ಟುಕೊಂಡರೆ ನನಗಷ್ಟೇ ಸಾಕು.

ನಾನು ನಿವೃತ್ತನಾದೆ. ಗ್ರೂಪಿನಿಂದ ಹೊರಗೆ ಬರುವುದು ಹೇಗೆಂದು ತಿಳಿಯದೆ ಇನ್ನೂ ಅದರಲ್ಲೇ ಇದ್ದೇನೆ, ಹಾಗೆಂದು ಮನೆಯಲ್ಲಿ ಹೇಳಿಕೊಂಡಿದ್ದೇನೆ. ಮೊನ್ನೆ ಬೇಸಿಗೆಯ ಮಧ್ಯಾಹ್ನ ಊಟ ಮಾಡಿ ಮಲಗಿದ್ದಾಗ ಫ್ಯಾನ್ ನಿಂತಿತು. ಸ್ವಲ್ಪ ಹೊತ್ತು ಕಾದೆ, ಇನ್ನೂ ಸ್ವಲ್ಪ ಹೊತ್ತು ಕಾದೆ. ಬೆವರು ಕಿತ್ತು ಬರುತ್ತಿತ್ತು. ಈಗಿನ ಆಪರೇಟರ್ ಹುಡುಗ ಏನು ಮಾಡುತ್ತಿದ್ದಾನೆ, ಮಲಗಿದ್ದಾನೋ ಹೇಗೆ ಎಂದು ರೇಗಿಹೋಯಿತು. ಫೋನ್ ತೆಗೆದು ಗ್ರೂಪಿಗೆ ಬರೆದೆ: ‘ಎಷ್ಟು ಹೊತ್ತು? ಕರೆಂಟ್ ಯಾವಾಗ ಬಿಡ್ತೀರಾ?’

ಆಪರೇಟರ್ ಹುಡುಗ ಉತ್ತರ ಕೊಡಲಿಲ್ಲ. ಹನುಮಂತರಾಯಪ್ಪ ಕೊಟ್ಟ.

‘ಯಜಮಾನ್ರೇ, ಲೈನ್ ಮೇಲೆ ತಿಮ್ಮರಾಜು ಅವ್ನೆ. ಇನ್ನೂ ಸಾರು ಬಂದಿಲ್ಲ. ಸುಮ್ಕೆ ಕೂತ್ಕಳಿ.’

ಅದರ ಕೆಳಗೆ ಊರೂರಿನ ಹೆಬ್ಬೆರಳುಗಳು ಒಂದರ ಹಿಂದೆ ಒಂದು ಏಳತೊಡಗಿದವು. ನಾನು ಎದ್ದು ಹೋಗಿ ಬೀಸಣಿಗೆ ಹುಡುಕಿಕೊಂಡು ಬಂದು, ಸುಮ್ಮನೆ ಕೂತೆ.